ಫೋನಿನಲ್ಲಿ ಕೇಳದ ಗಿಟಾರು

ಅಮ್ಮನ ಅಲ್ಯೂಮಿನಿಯಂ ಪಾತ್ರೆಯಲ್ಲಿ ನಾಲ್ಕು ತಂತಿಗಳು ಕುದಿಯುತ್ತಿದ್ದವು. ನಾನು ಸ್ಕೂಲಿಂದ ಬಂದವನು ಬಗ್ಗಿ ನೋಡಿದೆ. ಅಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

"ಇದೇನಪ್ಪ, ಶಾವಿಗೆನಾ?"

ಒಲೆ ಮುಂದೆ ಕೂತಿದ್ದ ಅಣ್ಣನಿಗೆ ಆಗಿನ್ನೂ ಕನ್ನಡ ಬರುತ್ತಿರಲಿಲ್ಲ. ನಕ್ಕು, ಚಮಚದಲ್ಲಿ ತಂತಿ ಎತ್ತಿ ತೋರಿಸಿದ. ಬೇಸ್ ಗಿಟಾರಿನ ತಂತಿಯಂತೆ. ಬೆರಳಿನ ಬೆವರು, ಜಿಡ್ಡು ಸೇರಿ ಅದರ ದನಿ ಸಾಯುತ್ತದೆ. ಹೊಸದು ತರಬೇಕೆಂದರೆ ಅವನು ನಮಗೆ ಕೊಡುತ್ತಿದ್ದ ತಿಂಗಳ ಬಾಡಿಗೆಗಿಂತ ಜಾಸ್ತಿ ಬೀಳುತ್ತಿತ್ತು. ಕುದಿಸಿ ಒರೆಸಿದರೆ ಇನ್ನೆರಡು ಮೂರು ವಾರ ಓಡುತ್ತೆ. ಅದಾದಮೇಲೆ ಅಮ್ಮ ಆ ಪಾತ್ರೆಯಲ್ಲಿ ಅಡುಗೆ ಮಾಡಲಿಲ್ಲ. ಅದು ಅವನಿಗೇ ಆಯಿತು.

ಇದು 2010ರ ಮಾತು. ನಾನಾಗ ಏಳನೇ ಕ್ಲಾಸು. ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾಗಿ ಎರಡು ವರ್ಷ ಆಗಿತ್ತು. ವಿಮಾನಗಳಿಗೆ ಊಟ ಕಟ್ಟುವ ಒಂದು ಅಡುಗೆಮನೆಯಲ್ಲಿ ಅಣ್ಣ ಕೆಲಸಕ್ಕಿದ್ದ. ಅಲ್ಲೇ ವ್ಯಾನ್ ಓಡಿಸುತ್ತಿದ್ದ ನಮ್ಮೂರಿನವರೊಬ್ಬರು ಅವನನ್ನು ಕರೆದುಕೊಂಡು ಬಂದರು. ಬೆಂಗಳೂರಿನಲ್ಲಿ ಮೂರು ಮನೆ ಖಾಲಿ ಮಾಡಿಸಿದ್ದರಂತೆ. ಒಂದು ಕಡೆ ಒಣಮೀನಿನ ವಾಸನೆ, ಇನ್ನೊಂದು ಕಡೆ ಗಿಟಾರಿನ ಸದ್ದು, ಮತ್ತೊಂದು ಕಡೆ ಕಾರಣವನ್ನೇ ಹೇಳಲಿಲ್ಲ. ನಮ್ಮ ಹುಳು ಮನೆಯ ಹಿಂದೆ ಶೀಟು ಹೊದಿಸಿದ ಒಂದು ರೂಮಿತ್ತು. ಅಪ್ಪ ಒಪ್ಪಿದರು, ಎರಡು ಷರತ್ತು ಹಾಕಿ. ಬೀಡಿ ಸಿಗರೇಟು ಸೇದುವಂತಿಲ್ಲ, ಜೋರಾಗಿ ಬಾರಿಸುವಂತಿಲ್ಲ. ಎರಡೂ ನಮಗೋಸ್ಕರ ಅಲ್ಲ, ರೇಷ್ಮೆ ಹುಳುವಿಗೋಸ್ಕರ.

ಊರಿನಲ್ಲಿ ಅವನನ್ನು ಕೆಲವರು ನೇಪಾಳಿ ಅಂದರು, ಕೆಲವರು ಚೀನಾದವನು ಅಂದರು. ಅವನು ಮೇಘಾಲಯದವನು, ಖಾಸಿ ಜನ. ಶಿಲ್ಲಾಂಗ್ ಹತ್ತಿರದ ಒಂದು ಹಳ್ಳಿ. ನಮ್ಮ ಸಮಾಜ ಪುಸ್ತಕದಲ್ಲಿ ಬರುತ್ತಿದ್ದ ಚಿರಾಪುಂಜಿ ಅವರೂರಿಗೆ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ ಅಂದಾಗ ನನಗೆ ನಂಬಿಕೆ ಬರಲಿಲ್ಲ. ಮಳೆಯ ಊರು ಬಿಟ್ಟು, ಸಾವಿರ ಅಡಿ ಕೊರೆದರೂ ನೀರು ಬಾರದ ನಮ್ಮ ಕಡೆಗೆ ಯಾರಾದರೂ ಬರುತ್ತಾರಾ? ಕೇಳಿದ್ದಕ್ಕೆ ಅವನು ಹೇಳಿದ್ದು ಬೇರೆ ಲೆಕ್ಕ. ಖಾಸಿಗಳಲ್ಲಿ ಮಕ್ಕಳಿಗೆ ತಾಯಿಯ ಕುಲದ ಹೆಸರು. ಮನೆ ಹೋಗೋದು ಕೊನೆಯ ಮಗಳಿಗೆ. ಅವಳೇ ಅಪ್ಪ ಅಮ್ಮನನ್ನು ನೋಡಿಕೊಳ್ಳೋದು. ಗಂಡುಮಕ್ಕಳು ಎಲ್ಲಾದರೂ ಹೋಗಿ ಬದುಕಬೇಕು. ಇದನ್ನು ಕೇಳಿ ನಮ್ಮ ಅಜ್ಜಿ ಎರಡು ದಿನ ಊರೆಲ್ಲ ಹೇಳಿಕೊಂಡು ಬಂದಳು. ಅಪ್ಪನಿಗೆ ಮೂವರು ತಂಗಿಯರು. ಆ ಎರಡು ದಿನ ಅಪ್ಪ ಮುಖ ಗಂಟು ಹಾಕಿಕೊಂಡೇ ಇದ್ದರು.

ಹಳ್ಳಿಯ ಹುಡುಗನಿಗೆ ರಾಕ್ ಬ್ಯಾಂಡು ಎಲ್ಲಿಂದ ಅಂಟಿಕೊಂಡಿತು ಅಂತ ನೀವು ಕೇಳಬಹುದು. ಚರ್ಚಿನಿಂದ. 1841ರಲ್ಲಿ ಥಾಮಸ್ ಜೋನ್ಸ್ ಎಂಬ ವೇಲ್ಸ್ ದೇಶದ ಪಾದ್ರಿ ಚಿರಾಪುಂಜಿಗೆ ಬಂದರು. ಖಾಸಿ ಭಾಷೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದನ್ನು ಶುರು ಮಾಡಿದವರು ಅವರೇ. ಆ ಪಾದ್ರಿಗಳ ಹಿಂದೆಯೇ ನಾಲ್ಕು ದನಿ ಸೇರಿಸಿ ಹಾಡುವ ಪದ್ಧತಿಯೂ ಬಂತು. ನಾಲ್ಕರಲ್ಲಿ ಎಲ್ಲಕ್ಕಿಂತ ಕೆಳಗಿನದು ಬೇಸ್. ದನಿ ಒಡೆದ ಮೇಲೆ ಅಣ್ಣನನ್ನು ಆ ಸಾಲಿಗೆ ನಿಲ್ಲಿಸಿದರಂತೆ. "ಅಲ್ಲಿಂದ ನಾನು ಮೇಲೆ ಬರಲೇ ಇಲ್ಲ" ಅನ್ನುತ್ತಿದ್ದ. ಆಮೇಲೆ ಶಿಲ್ಲಾಂಗ್. ಅಲ್ಲಿ ನಮ್ಮಲ್ಲಿ ಭಜನೆ ಮಂಡಳಿ ಇದ್ದ ಹಾಗೆ ರಾಕ್ ಬ್ಯಾಂಡುಗಳು. ಎಲ್ಲರೂ ನುಡಿಸುವ ಊರಿನಲ್ಲಿ ನುಡಿಸಿ ಹೊಟ್ಟೆ ಹೊರೆಯೋದು ಕಷ್ಟ. ಅದಕ್ಕೇ ಗುವಾಹಟಿಯಿಂದ ರೈಲು ಹತ್ತಿದ್ದ.

ಬೇಸ್ ಗಿಟಾರು ಅಂದರೇನು ಅಂತ ಸ್ವಲ್ಪ ಹೇಳಬೇಕು. ಮಾಮೂಲಿ ಗಿಟಾರಿಗೆ ಆರು ತಂತಿ, ಇದಕ್ಕೆ ನಾಲ್ಕು. ಕತ್ತು ಉದ್ದ, ತಂತಿ ದಪ್ಪ. ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತೆ. ಅದು ಕಿವಿಗಿಂತ ಎದೆಗೆ, ಕೂತ ನೆಲಕ್ಕೆ ಗೊತ್ತಾಗುವ ದನಿ. 1981ರ 'ಗೀತಾ' ಸಿನಿಮಾದ ಹಾಡುಗಳನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಎಸ್‌ಪಿಬಿ, ಜಾನಕಿಯವರ ದನಿಯ ಕೆಳಗೆ ಇನ್ನೊಂದು ಹಾಡು ಓಡುತ್ತಿರುತ್ತದೆ. ಇಳಯರಾಜ ಬರೆಯುತ್ತಿದ್ದ ಇಂಥ ಬೇಸ್ ಸಾಲುಗಳನ್ನು ಅವರ ತಂಡದಲ್ಲಿ ದಶಕಗಳ ಕಾಲ ನುಡಿಸಿದವರು ಶಶಿಧರನ್. ಹೆಸರು ಕೇಳಿದವರು ಎಷ್ಟು ಜನ? ಬೇಸ್ ನುಡಿಸುವವರ ಕತೆಯೇ ಹಾಗೆ. ರಘು ದೀಕ್ಷಿತ್ ಅವರು ಷರೀಫರ ತತ್ವಪದ ಹಾಡುತ್ತಿದ್ದಾಗ ಪಕ್ಕದಲ್ಲಿ ಬೇಸ್ ಹಿಡಿದು ನಿಂತಿರುತ್ತಿದ್ದ ಗೌರವ್ ವಾಜ್, 'ಸ್ವರಾತ್ಮ' ತಂಡದಲ್ಲಿ ವಾಸು ದೀಕ್ಷಿತ್ ಕುದುರೆ ವೇಷ ಕಟ್ಟಿ ಕುಣಿಯುವಾಗ ಹಿಂದಿನಿಂದ ತಾಳಕ್ಕೆ ಒತ್ತು ಕೊಡುವ ಜಿಷ್ಣು ದಾಸ್‌ಗುಪ್ತ, ಇವರ ಹೆಸರೆಲ್ಲ ನನಗೆ ಗೊತ್ತಾದದ್ದು ಅಣ್ಣನಿಂದಲೇ. ಕನ್ನಡ ಹಾಡಿಗೆ ಬಂಗಾಳಿ ಹೆಸರಿನವರು ನುಡಿಸಬಹುದಾದರೆ ಖಾಸಿ ಏಕಾಗಬಾರದು ಅನ್ನೋದು ಅವನ ಆಸೆ. ರೂಮಿನ ಗೋಡೆಗೆ ಮಾತ್ರ ಉದ್ದ ಕೂದಲಿನ ಬೇರೊಬ್ಬನ ಚಿತ್ರ ಅಂಟಿಸಿದ್ದ. ಮೆಟಾಲಿಕಾದ ಕ್ಲಿಫ್ ಬರ್ಟನ್. 1986ರಲ್ಲಿ ಸ್ವೀಡನ್‌ನಲ್ಲಿ ತಂಡದ ಬಸ್ಸು ಮಗುಚಿ ತೀರಿಹೋದ ಬೇಸ್ ವಾದಕ. ಅಮ್ಮ ಅದನ್ನು ನೋಡಿ "ನಿಮ್ಮಣ್ಣನಾ?" ಅಂದಿದ್ದಳು. 2011ರ ಅಕ್ಟೋಬರ್ 30ರಂದು ಅದೇ ಮೆಟಾಲಿಕಾ ಅರಮನೆ ಮೈದಾನಕ್ಕೆ ಬಂದಾಗ ಅಣ್ಣ ರಾತ್ರಿ ಪಾಳಿ ತಪ್ಪಿಸಿ ಹೋಗಿದ್ದ. ಮಾರನೇ ದಿನ ಮಧ್ಯಾಹ್ನದವರೆಗೆ ಅವನಿಗೆ ದನಿ ಇರಲಿಲ್ಲ.

ಅವನ ಬ್ಯಾಂಡಿನಲ್ಲಿ ಉಳಿದ ಮೂವರೂ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು. ಒಬ್ಬ ಸಾಫ್ಟ್‌ವೇರ್, ಇನ್ನಿಬ್ಬರು ಇನ್ನೂ ಕಾಲೇಜು. ಪಬ್‌ನವರು ಕೊಡುವ ದುಡ್ಡಿನಲ್ಲಿ ಪ್ರಾಕ್ಟೀಸ್ ರೂಮಿನ ಗಂಟೆ ಬಾಡಿಗೆ ಕಳೆದು ನಾಲ್ಕು ಪಾಲು ಮಾಡುತ್ತಿದ್ದರು. ಒಂದು ರಾತ್ರಿ ಅವನ ಪಾಲಿಗೆ 600 ರೂಪಾಯಿ ಬಂದದ್ದು ನೆನಪಿದೆ, ಯಾಕೆಂದರೆ ಅದರಲ್ಲಿ ನನಗೊಂದು ಕ್ರಿಕೆಟ್ ಬಾಲ್ ತಂದಿದ್ದ. ಆಗ ಪಬ್‌ಗಳೆಲ್ಲ ಹನ್ನೊಂದೂವರೆಗೆ ಬಾಗಿಲು ಹಾಕಬೇಕಿತ್ತು. ಮೆಜೆಸ್ಟಿಕ್‌ನಿಂದ ರಾತ್ರಿಯಿಡೀ ಓಡುವ ಏರ್‌ಪೋರ್ಟ್ ಬಸ್ಸು ಹತ್ತಿ, ಬೆನ್ನಿಗೆ ಗಿಟಾರು ಹಾಕಿಕೊಂಡೇ ಬೆಳಗಿನ ಪಾಳಿಗೆ ನಿಲ್ಲುತ್ತಿದ್ದ. ಪಬ್ಬಿನಲ್ಲಿ ಚಪ್ಪಾಳೆ ಹೊಡೆದವರಲ್ಲಿ ಯಾರಾದರೂ ಬೆಳಿಗ್ಗೆ ವಿಮಾನ ಹತ್ತಿದ್ದರೆ ಅವನು ಕಟ್ಟಿದ ಇಡ್ಲಿಯನ್ನೇ ತಿಂದಿರಬಹುದು.

ಹುಳು ನಾಲ್ಕನೇ ಜ್ವರದಿಂದ ಎದ್ದಮೇಲೆ ಹೇಗೆ ತಿನ್ನುತ್ತೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಸೊಪ್ಪು ಹಾಕಿದ ಹತ್ತು ನಿಮಿಷಕ್ಕೆ ಹುಳು ಮನೆಯಲ್ಲಿ ಹೆಂಚಿನ ಮೇಲೆ ಮಳೆ ಬಿದ್ದಂಥ ಸದ್ದು. ಅದನ್ನು ಮೊದಲ ಸಲ ಕೇಳಿದ ರಾತ್ರಿ ಅಣ್ಣ ರೂಮಿಂದ ಹೊರಗೆ ಬಂದು ಆಕಾಶ ನೋಡಿದ. ಒಂದು ಹನಿ ಇಲ್ಲ. ಅಮ್ಮ ಕಾಲು ತೊಳೆಸಿ ಒಳಗೆ ಕರೆದು ತೋರಿಸಿದಳು. ಆಮೇಲೆ ಬೆಳೆ ಇದ್ದಾಗಲೆಲ್ಲ, ಪಾಳಿ ಇಲ್ಲದ ರಾತ್ರಿ, ಹುಳು ಮನೆಯ ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಿದ್ದ.

ಕರೆಂಟಿಗೆ ಸಿಕ್ಕಿಸದೆ ನುಡಿಸಿದರೆ ಬೇಸ್ ಗಿಟಾರಿನ ಸದ್ದು ಪಕ್ಕದವರಿಗೂ ಸರಿಯಾಗಿ ಕೇಳಿಸುವುದಿಲ್ಲ. ಅವನೊಂದು ಉಪಾಯ ಮಾಡಿದ್ದ. ಗಿಟಾರಿನ ತಲೆಯನ್ನು ಅಜ್ಜಿಯ ಹಳೇ ಮರದ ಪೆಟ್ಟಿಗೆಗೆ ಒತ್ತಿ ಹಿಡಿದು ನುಡಿಸುತ್ತಿದ್ದ. ಪೆಟ್ಟಿಗೆಯೇ ಗುಂಯ್ ಅನ್ನುತ್ತಿತ್ತು. ಅಜ್ಜಿ ದಿನಾ ಸಾಯಂಕಾಲ ಎಲೆ ಅಡಿಕೆ ಹಾಕಿಕೊಳ್ಳೋಕೆ ಕೂರುತ್ತಿದ್ದದ್ದು ಅದೇ ಪೆಟ್ಟಿಗೆಯ ಮೇಲೆ. ಅವಳಿಗೆ ಆಗಲೇ ಕಿವಿ ಮಂದ. ಟಿವಿಯಲ್ಲಿ ಹೆಂಗಸರು ಮಾತಾಡಿದರೆ "ಏನಂತೆ, ಏನಂತೆ" ಅಂತ ನಮ್ಮನ್ನು ತಿನ್ನುತ್ತಿದ್ದಳು. ಒಂದು ದಿನ ಪೆಟ್ಟಿಗೆ ಮೇಲೆ ಕೂತವಳು ತಟ್ಟನೆ ಅವನ ಕಡೆ ತಿರುಗಿ, "ನಿಂದು ಕೇಳ್ತದೆ ಕಣಪ್ಪ" ಅಂದಳು.

ವಯಸ್ಸಾದಂತೆ ಕಿವಿಯಲ್ಲಿ ಮೊದಲು ಹೋಗೋದು ಸಣ್ಣ ದನಿ, ತೀಕ್ಷ್ಣ ದನಿ. ದಪ್ಪ ದನಿ ಕೊನೆವರೆಗೆ ಉಳಿಯುತ್ತೆ. ಇದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಅಜ್ಜಿಗೆ ವಿಜ್ಞಾನ ಬೇಕಾಗಿರಲಿಲ್ಲ. ಅವನು ನುಡಿಸುತ್ತಿದ್ದ, ಅವಳು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಖಾಸಿಗಳಲ್ಲೂ ಎಲೆ ಅಡಿಕೆ ಇಲ್ಲದೆ ಯಾವ ಮಾತೂ ಇಲ್ಲ, ಯಾವ ನೆಂಟಸ್ತನವೂ ಇಲ್ಲ. ಅದಕ್ಕೆ ಕ್ವಾಯ್ ಅನ್ನುತ್ತಾರೆ. ಅವರದು ಹಸಿ ಅಡಿಕೆ, ತಿಂದರೆ ಬೆವರು ಕಿತ್ತು ಬರುತ್ತಂತೆ. ನಮ್ಮ ಒಣ ಅಡಿಕೆ ಅವನಿಗೆ ಮಕ್ಕಳಾಟ.

ಅವರಮ್ಮನದು ಬೇರೆ ಕತೆ. ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ. "ಏನೋ ನುಡಿಸ್ತೀಯಂತಲ್ಲ, ಕೇಳಿಸು" ಅಂತ ಆಕೆ. ಪ್ರಾಕ್ಟೀಸ್ ರೂಮಿನಲ್ಲಿ ಫೋನನ್ನು ಸ್ಪೀಕರ್ ಮುಂದಿಟ್ಟು ಒಂದು ಇಡೀ ಹಾಡು ನುಡಿಸಿದ. ಮುಗಿದಮೇಲೆ ಆಕೆ, "ಹಾಡಿದವನ ದನಿ ಚೆನ್ನಾಗಿದೆ, ಡ್ರಮ್ಮು ಕೇಳಿತು, ನೀನು ಯಾವಾಗ ನುಡಿಸ್ತೀಯ?" ಅಂದರಂತೆ. ತಪ್ಪು ಆಕೆಯದಲ್ಲ. ಆಗಿನ ಫೋನ್ ಕರೆಯಲ್ಲಿ ಸೆಕೆಂಡಿಗೆ 300 ಅದುರಿಗಿಂತ ಕೆಳಗಿನ ದನಿಯನ್ನು ಕಳಿಸುತ್ತಲೇ ಇರಲಿಲ್ಲ. ಮಾತಿಗೆ ಅದು ಬೇಡ ಅಂತ ಲೆಕ್ಕ. ಈಗ ನೀವು ಇದನ್ನು ಓದುತ್ತಿರುವ ಫೋನಿನ ಸ್ಪೀಕರ್ ಕೂಡ ಕಡಲೆಕಾಯಿಯಷ್ಟು ದೊಡ್ಡದು. ಅದರಿಂದಲೂ ಬೇಸ್ ಬರುವುದಿಲ್ಲ, ಅದರ ನೆರಳು ಮಾತ್ರ.

2012ರ ಆಗಸ್ಟ್ ಬಗ್ಗೆ ಬರೆಯದೆ ಇದನ್ನು ಮುಂದುವರಿಸೋಕೆ ಆಗಲ್ಲ.

ಅಸ್ಸಾಮಿನ ಕೊಕ್ರಾಜಾರ್ ಕಡೆ ಗಲಭೆ ನಡೆದಿತ್ತು. ಅದರ ಸೇಡಿಗೆ ರಂಜಾನ್ ಮುಗಿಯುವುದರೊಳಗೆ ಬೆಂಗಳೂರಿನಲ್ಲಿರುವ ಈಶಾನ್ಯದವರಿಗೆಲ್ಲ ಹೊಡೆಯುತ್ತಾರೆ ಅಂತ ಮೆಸೇಜು ಓಡಾಡತೊಡಗಿತು. ಅಪ್ಪನ ಫೋನಿಗೂ ಬಂತು. ನಾನಾಗ ಒಂಬತ್ತನೇ ಕ್ಲಾಸು. ಅಪ್ಪನ ಫೋನಿನಲ್ಲಿ ಮೆಸೇಜು ಓದೋದು, ಕಳಿಸೋದು ನನ್ನದೇ ಕೆಲಸ. ಓದಿದೆ. ಮೈ ಜುಂ ಅಂದಿತು. ದೊಡ್ಡ ಸುದ್ದಿ ಮೊದಲು ನನಗೇ ಸಿಕ್ಕಿದೆ ಅನ್ನುವ ಖುಷಿಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಅದನ್ನು ಐದಾರು ಜನಕ್ಕೆ ಕಳಿಸಿದೆ. ಅವರಲ್ಲಿ ಒಬ್ಬರು ಅಣ್ಣನ ಜೊತೆ ಕೆಲಸ ಮಾಡುತ್ತಿದ್ದ ಆ ವ್ಯಾನಿನವರು.

ಆಗಸ್ಟ್ 15ರ ರಾತ್ರಿ ಅಣ್ಣನ ಫೋನು ನಿಲ್ಲದೆ ಹೊಡೆದುಕೊಂಡಿತು. ಟಿವಿಯಲ್ಲಿ ಬೆಂಗಳೂರು ರೈಲು ನಿಲ್ದಾಣ ತೋರಿಸುತ್ತಿದ್ದರು. ಕಾಲಿಡಲು ಜಾಗವಿಲ್ಲ. ಗುವಾಹಟಿಗೆ ಸ್ಪೆಷಲ್ ರೈಲು ಬಿಟ್ಟಿದ್ದರು. ಮಂತ್ರಿಗಳು, ಪೊಲೀಸರು ಪ್ಲಾಟ್‌ಫಾರ್ಮಿಗೇ ಬಂದು ಹೋಗಬೇಡಿ ಅನ್ನುತ್ತಿದ್ದರು. ಸಾವಿರಾರು ಜನ ಹೋಗುತ್ತಲೇ ಇದ್ದರು.

ಅಪ್ಪ ಹೆದರಿದರು. "ಸ್ವಲ್ಪ ದಿನ ಊರಿಗೆ ಹೋಗ್ಬಿಟ್ಟು ಬಾರಪ್ಪ. ಏನಾದ್ರೂ ಆದ್ರೆ ನಾವೇನು ಮಾಡಾಕಾಗ್ತದೆ?"

ಅಜ್ಜಿಗೆ ಇದು ಹೇಗೆ ಕೇಳಿಸಿತೋ. ಒಳಗಿಂದ ಎದ್ದು ಬಂದಳು. "ಯಾರ್ಲಾ ಬರೋನು ನಮ್ಮ ಮನೆಗೆ? ಬರ್ಲಿ, ನಾನು ಬಾಗ್ಲಾಗೆ ಮಲಗ್ತೀನಿ" ಅಂತ ನಿಜಕ್ಕೂ ಚಾಪೆ ತಂದು ಹಾಕಿದಳು. ಆ ರಾತ್ರಿ ಅವಳು ಮಲಗಿದ್ದು ಅವನ ರೂಮಿನ ಬಾಗಿಲಲ್ಲೇ.

ಆದರೂ ಅವನು ಮಾರನೇ ದಿನ ಹೊರಟ. ಅವರಮ್ಮ ಫೋನಿನಲ್ಲಿ ಅತ್ತಿದ್ದರು. ಆ ನೂಕುನುಗ್ಗಲಲ್ಲಿ ಗಿಟಾರು ಒಯ್ಯೋಕೆ ಆಗುತ್ತಿರಲಿಲ್ಲ. ತಂತಿ ಸಡಿಲ ಮಾಡಿ ಅಜ್ಜಿ ಕೈಗೆ ಕೊಟ್ಟ. ಹುಳು ಮನೆಯ ತೇವ ಅದಕ್ಕಾಗದು ಅಂತ ಅವಳು ಅದನ್ನು ಹಳೇ ಸೀರೆಯಲ್ಲಿ ಸುತ್ತಿ, ನಡುಮನೆಯ ರಾಗಿ ಮೂಟೆಗಳ ಮೇಲೆ ಮಲಗಿಸಿದಳು. ಎರಡು ದಿನದ ಮೇಲೆ ಸರ್ಕಾರ ಒಂದು ಫೋನಿನಿಂದ ದಿನಕ್ಕೆ ಐದೇ ಎಸ್ಸೆಮ್ಮೆಸ್ ಅಂತ ಮಿತಿ ಹಾಕಿತು. ನಾನು ಆ ಸುದ್ದಿಯನ್ನು ಅಪ್ಪನಿಗೆ ಓದಿ ಹೇಳಿದೆ. ನಾನು ಕಳಿಸಿದ್ದನ್ನು ಮಾತ್ರ ಹೇಳಲಿಲ್ಲ.

ದಸರಾ ಹೊತ್ತಿಗೆ ವಾಪಸು ಬಂದ. ಊರಿಗೆ ಹೋಗುವಾಗ ಗುವಾಹಟಿಯಲ್ಲಿ ಒಂದು ದೊಡ್ಡ ಹೆಡ್‌ಫೋನ್ ಕೊಂಡಿದ್ದನಂತೆ. ಅಮ್ಮನ ಕಿವಿಗಿಟ್ಟು ತಮ್ಮ ಬ್ಯಾಂಡಿನ ರೆಕಾರ್ಡಿಂಗ್ ಹಾಕಿದ. ಆಕೆ ಕೇಳಿದ್ದು ಒಂದೇ ಮಾತು: "ಇಷ್ಟು ಹೊತ್ತೂ ನುಡಿಸ್ತಾನೇ ಇರ್ತೀಯಾ? ಸುಸ್ತಾಗಲ್ವಾ?"

ಬ್ಯಾಂಡಿನಲ್ಲಿ ಅಷ್ಟರಲ್ಲಿ ಇನ್ನೊಬ್ಬ ಸೇರಿಕೊಂಡಿದ್ದ. ಕಾರ್ಯಕ್ರಮ ಒಪ್ಪಿಕೊಂಡಿದ್ದೆವು, ಕಾಯೋಕೆ ಆಗಲಿಲ್ಲ ಅಂದರಂತೆ. ಅಣ್ಣ ಅವರನ್ನು ಬೈಯಲಿಲ್ಲ. ನನಗೆ ಈಗಲೂ ಬೈಯಬೇಕು ಅನ್ನಿಸುತ್ತೆ. ಆದರೆ ಬೈಯೋ ಯೋಗ್ಯತೆ ನನಗಿದೆಯಾ ಅನ್ನೋ ಪ್ರಶ್ನೆ ಜೊತೆಗೇ ಬರುತ್ತೆ.

ಆಮೇಲೆ ಅವನು ಸೇರಿದ್ದು ರಸಮಂಜರಿ ತಂಡಕ್ಕೆ. ವಿಜಯಪುರದ ಗೂಡಿನ ಮಾರುಕಟ್ಟೆಯಲ್ಲಿ ಅಪ್ಪನಿಗೆ ಪರಿಚಯವಿದ್ದ ಒಬ್ಬರು ಆರ್ಕೆಸ್ಟ್ರಾ ನಡೆಸುತ್ತಿದ್ದರು. ಗಣೇಶನ ಹಬ್ಬ, ಅಣ್ಣಮ್ಮನ ಉತ್ಸವ, ಮದುವೆ, ನವೆಂಬರ್ ಪೂರ್ತಿ ರಾಜ್ಯೋತ್ಸವ. ರಾತ್ರಿಗೆ 1,000, ಕೆಲವೊಮ್ಮೆ 1,200. ಪಬ್ಬಿಗಿಂತ ಜಾಸ್ತಿ, ಊಟ ಬೇರೆ. ಹಾಡುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡ. ಅಣ್ಣಾವ್ರ ಹಾಡು, 'ಪ್ರೇಮಲೋಕ', 'ಗೀತಾ'. ಇಳಯರಾಜರ ಸಾಲುಗಳನ್ನು ಕಲಿಯೋಕೆ ಅವನಿಗೆ ಮೂರು ವಾರ ಬೇಕಾಯಿತು. ಮೆಟಾಲಿಕಾ ಇದಕ್ಕಿಂತ ಸಲೀಸು ಅಂದ.

2013ರ ಗಣೇಶನ ಹಬ್ಬಕ್ಕೆ ಆ ತಂಡ ನಮ್ಮೂರಿಗೇ ಬಂತು. ಅವನು ಹಿಂದೆ, ರಿದಂ ಪ್ಯಾಡಿನ ಪಕ್ಕ. ಪಕ್ಕದ ಊರಿಂದ ಬಂದಿದ್ದ ಹುಡುಗರು "ನೋಡ್ರೋ, ಚೀನಾದೋನು" ಅಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಗೆ ಇದು ಕೇಳಿಸಿರಲಿಲ್ಲ, ಅಮ್ಮ ಕಿವಿಯಲ್ಲಿ ಹೇಳಿದಳು. ಅಜ್ಜಿ ಎದ್ದು ನಿಂತು, "ಚೀನಾ ಅಲ್ಲ ಕಣ್ರಲಾ, ನಮ್ಮ ರೂಮಿನೋನು!" ಅಂದಳು. ಕಿವಿ ಕೇಳದವರು ಎಷ್ಟು ಜೋರಾಗಿ ಮಾತಾಡುತ್ತಾರೆ ಅಂತ ನಿಮಗೆ ಗೊತ್ತಲ್ಲ. ಹಾಡುತ್ತಿದ್ದವರು ನಿಲ್ಲಿಸಿದರು. ಆಮೇಲೆ ಅವಳು ಹೋಗಿ ಸ್ಪೀಕರ್ ಬಾಕ್ಸಿನ ಪಕ್ಕ ಅದರ ಮೇಲೊಂದು ಕೈಯಿಟ್ಟುಕೊಂಡು ಕೂತಳು, ಕೊನೆಯವರೆಗೆ.

ಅವಳು 2016ರಲ್ಲಿ ತೀರಿಕೊಂಡಳು. ಮಣ್ಣು ಮಾಡಿ ಬಂದಮೇಲೆ ಅಣ್ಣ ನನ್ನನ್ನು ಹುಣಸೆ ತೋಪಿಗೆ ಕರೆದುಕೊಂಡು ಹೋದ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆಯಾದ ನಮ್ಮ ತೋಪು ಅದು. 54 ಎಕರೆ, ಸುಮಾರು 300 ಮರ, ನಡುವೆ ಹಾಳುಬಿದ್ದ ಚನ್ನಕೇಶವ ದೇವಸ್ಥಾನ. ಅವನಿಗೆ ಬಂದ ದಿನದಿಂದಲೂ ಅದು ಇಷ್ಟದ ಜಾಗ. ಅವರ ಕಡೆ ಮಾಫ್ಲಾಂಗ್‌ನಲ್ಲೂ ಒಂದು ದೇವರ ಕಾಡಿದೆ. ಅಲ್ಲಿಂದ ಒಂದು ಎಲೆಯನ್ನೂ ಹೊರಗೆ ತರುವಂತಿಲ್ಲ. ಮರದ ಕೆಳಗೆ ಕೂತು ಅಜ್ಜಿಯ ಅಡಿಕೆ ಚೀಲ ಬಿಚ್ಚಿದ. ಅಮ್ಮ ಅದನ್ನು ಅವನಿಗೆ ಕೊಟ್ಟಿದ್ದಳು. ಖಾಸಿಯಲ್ಲಿ ಯಾರಾದರೂ ಸತ್ತರೆ, ದೇವರ ಮನೆಯಲ್ಲಿ ಅಡಿಕೆ ತಿನ್ನೋಕೆ ಹೋದರು ಅನ್ನುತ್ತಾರಂತೆ. ಇಬ್ಬರೂ ಒಂದೊಂದು ಹೋಳು ಬಾಯಿಗೆ ಹಾಕಿಕೊಂಡೆವು.

ಮುಂದಿನದು ಬೇಗ ಮುಗಿಯುತ್ತೆ. 2018ರಲ್ಲಿ ಲೈಸೆನ್ಸ್ ನಿಯಮವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಬೆಂಗಳೂರಿನ ಎಷ್ಟೋ ಪಬ್ಬುಗಳಲ್ಲಿ ಸಂಗೀತ ನಿಂತಿತು. ಆಗೊಮ್ಮೆ ಈಗೊಮ್ಮೆ ಸಿಗುತ್ತಿದ್ದ ರಾಕ್ ಕಾರ್ಯಕ್ರಮವೂ ಅವನಿಗೆ ತಪ್ಪಿತು. 2020ರ ಮಾರ್ಚ್‌ನಲ್ಲಿ ವಿಮಾನವೂ ನಿಂತಿತು, ಜಾತ್ರೆಯೂ ನಿಂತಿತು. ಅವನ ಎರಡೂ ಕಸುಬು ಒಂದೇ ವಾರದಲ್ಲಿ ಹೋದವು. ಬೇಸಿಗೆ ಮುಗಿಯುವ ಹೊತ್ತಿಗೆ ಊರಿಗೆ ಹೋದ. ಈ ಸಲ ಗಿಟಾರನ್ನೂ ಒಯ್ದ. ಈಗ ತಂಗಿಯ ಮನೆಯ ಪಕ್ಕ ಇದ್ದಾನೆ, ಮಕ್ಕಳಿಗೆ ಪಾಠ ಹೇಳುತ್ತಾನೆ, ಶನಿವಾರ ಶಿಲ್ಲಾಂಗ್‌ನಲ್ಲಿ ನುಡಿಸುತ್ತಾನೆ.

ಪತ್ರಿಕೋದ್ಯಮ ಓದುವಾಗ ಸುಳ್ಳುಸುದ್ದಿಯ ಪಾಠದಲ್ಲಿ 2012ರ ಆ ಮೆಸೇಜುಗಳ ಉದಾಹರಣೆ ಬಂತು. ಅವತ್ತು ರಾತ್ರಿ ಅವನಿಗೆ ಫೋನ್ ಮಾಡಿ ಹೇಳಿಬಿಟ್ಟೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ನನಗೆ ಅವತ್ತು ಹನ್ನೊಂದು ಬಂದಿತ್ತು. ನಿನ್ನದು ಎಷ್ಟನೆಯದು?" ಅಂದ. ನಕ್ಕನೋ ಇಲ್ಲವೋ ತಿಳಿಯಲಿಲ್ಲ.

ನಮ್ಮ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಉಳಿಸಿಕೊಳ್ಳೋಕೆ 1,198 ದಿನ ಧರಣಿ ನಡೆದದ್ದು ನಿಮಗೆಲ್ಲ ಗೊತ್ತು. ನಲ್ಲೂರೂ ಅದರಲ್ಲಿ ಒಂದು. ಧರಣಿ ಟೆಂಟಿನಲ್ಲಿ ಹೆಂಗಸರು ತಮಟೆಗೆ ಸರಿಯಾಗಿ ಹಾಡುತ್ತಿದ್ದದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದೆ. 2025ರ ಜುಲೈ 15ರಂದು ಸ್ವಾಧೀನ ಕೈಬಿಟ್ಟ ಸುದ್ದಿ ಬಂದಾಗ ಅದನ್ನು ಅವನಿಗೆ ಕಳಿಸಿದೆ. ಆ ಹಾಡಿನಲ್ಲಿ ಅಮ್ಮನ ದನಿಯೂ ಇದೆ. ಗಣೇಶನ ಹಬ್ಬದ ಹೊತ್ತಿಗೆ ಅದೇ ಫೈಲು ವಾಪಸು ಬಂತು.

ಸಂಜೆ ಅಮ್ಮನಿಗೆ ಫೋನಿನಲ್ಲೇ ಹಾಕಿದೆ. "ಇದು ನಾವು ಹಾಡಿದ್ದೇ ಅಲ್ವ. ಅವನೇನು ಮಾಡ್ಯವ್ನೆ ಇದ್ರಾಗೆ?" ಅಂದಳು.

ಪೆಂಡಾಲಿನ ಸ್ಪೀಕರ್ ಬಾಕ್ಸೊಂದನ್ನು ಹುಡುಗರಿಂದ ಕೇಳಿ ತಂದು ಅಂಗಳದಲ್ಲಿಟ್ಟು ಫೋನ್ ಸಿಕ್ಕಿಸಿದೆ. ತಮಟೆಯ ಕೆಳಗಿಂದ ಅದು ಎದ್ದು ಬಂತು. ನಾಲ್ಕೇ ಸ್ವರ, ನಿಧಾನಕ್ಕೆ, ಹೆಂಗಸರು ಉಸಿರು ತೆಗೆದುಕೊಳ್ಳುವಲ್ಲಿ ಅವನೂ ನಿಂತು. ನಡುಮನೆಯಲ್ಲಿದ್ದ ಅಜ್ಜಿಯ ಪೆಟ್ಟಿಗೆಯ ಚಿಲಕ ಗಲಗಲ ಅಂದಿತು.

ಅಮ್ಮ ಅಂಗಳದಲ್ಲಿ ನಿಂತವಳು ನಿಂತೇ ಇದ್ದಳು. ಹಾಡು ಮುಗಿಯುವ ಮೊದಲೇ ತಟ್ಟನೆ ಹಿಂದೆ ತಿರುಗಿ, "ಹುಳು ಜ್ವರಕ್ಕೆ ಕೂತಾವೆ ಕಣೋ, ಒಸಿ ಸಣ್ಣಕೆ ಇಕ್ಕು" ಅಂದು ಹುಳು ಮನೆ ಬಾಗಿಲು ಎಳೆದುಕೊಂಡು ಬಂದು, ಬಾಕ್ಸಿನ ಪಕ್ಕ ಕೂತಳು.